ನೆರೆ ಇಳಿದ ಮೇಲೆ ನೆರೆಯವರು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ನೆರೆ, ಭೂಕಂಪದ ಬಗ್ಗೆಯೇ ಇದ್ದವು. ಸಾಮಾನ್ಯವಾಗಿ ನನಗೆ ಬರುವುದು ಮಂಡಿನೋವು, ಸಕ್ಕರೆ ಕಾಯಿಲೆ, ನಿದ್ದೆ ಬಾರದ ಕಥೆಗಳು. ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ನಿವೃತ್ತಿಯಾದರೂ ‘ಸಿಸ್ಟರ್’ ಅನ್ನುವ ಹೆಸರು ನನ್ನನ್ನು ಬಿಟ್ಟಿಲ್ಲ. ಆ ವರ್ಷಗಳಲ್ಲಿ ಐದು ಸಲ ಪರಿಹಾರ ಶಿಬಿರಗಳಿಗೆ ಡ್ಯೂಟಿ ಬಿದ್ದಿತ್ತು. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಐದು ಪತ್ರ ಆರಿಸಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಐವರೂ ಕೇಳಿದ್ದಾರೆ, ಹಾಕಿಲ್ಲ.

ಪ್ರಶ್ನೆ: ಸಿಸ್ಟರ್, ಕಾಂಪೌಂಡ್ ಗೋಡೆಯ ವಿಚಾರಕ್ಕೆ ಪಕ್ಕದ ಮನೆಯವರಿಗೂ ನಮಗೂ ಹನ್ನೊಂದು ವರ್ಷ ಮಾತಿರಲಿಲ್ಲ. ಎರಡು ವರ್ಷದ ಹಿಂದೆ ನಡುರಾತ್ರಿ ನೀರು ನುಗ್ಗಿತು. ಕರೆಂಟ್ ಇಲ್ಲ. ನಾನು ಮಕ್ಕಳನ್ನು ಮಹಡಿಗೆ ಹತ್ತಿಸುತ್ತಿದ್ದೆ. ಅಷ್ಟರಲ್ಲಿ ಆ ಮನುಷ್ಯ ಎದೆಮಟ್ಟದ ನೀರಿನಲ್ಲಿ ಬಂದು, ನೇರವಾಗಿ ಹಿಂದಿನ ಕೋಣೆಗೆ ಹೋಗಿ, ನನ್ನ ಅಮ್ಮನನ್ನು ಹೆಗಲ ಮೇಲೆ ಹೊತ್ತು ತಂದರು. ಆಮೇಲೆ ಶಿಬಿರದಲ್ಲಿ ಇಪ್ಪತ್ತಾರು ದಿನ ಎರಡೂ ಮನೆಯವರು ಒಂದೇ ಕೋಣೆಯಲ್ಲಿದ್ದೆವು. ಅವರ ಮಗಳಿಗೆ ನನ್ನ ಹೆಂಡತಿಯೇ ದಿನಾ ತಲೆ ಬಾಚುತ್ತಿದ್ದಳು. ವಾಪಸು ಬಂದ ಮೇಲೆ ಪರಿಹಾರದ ಪಟ್ಟಿ ಬಂತು. ಅವರ ಮನೆ ‘ಪೂರ್ಣ ಹಾನಿ’, ನಮ್ಮದು ‘ಭಾಗಶಃ ಹಾನಿ’. ನೀರು ನಿಂತದ್ದು ಎರಡೂ ಮನೆಯಲ್ಲಿ ಒಂದೇ ಎತ್ತರಕ್ಕೆ. ನಾನು ಏನೋ ಅಂದೆ, ಅವರು ಏನೋ ಅಂದರು. ಈಗ ಮತ್ತೆ ಮಾತಿಲ್ಲ. ಹಾಗಾದರೆ ಆ ಇಪ್ಪತ್ತಾರು ದಿನ ನಾಟಕವಾ?

ಉತ್ತರ: ನಾಟಕ ಮಾಡುವವರು ಎದೆಮಟ್ಟದ ನೀರಿಗೆ ಇಳಿಯುವುದಿಲ್ಲ. ಆ ಮಾತನ್ನು ಪತ್ರದಿಂದ ಹೊಡೆದುಹಾಕಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಮಾತು. ‘ನೇರವಾಗಿ ಹಿಂದಿನ ಕೋಣೆಗೆ ಹೋಗಿ’ ಎಂದು ಬರೆದಿದ್ದೀರಿ. ಹನ್ನೊಂದು ವರ್ಷ ನಿಮ್ಮ ಹೊಸಿಲು ತುಳಿಯದ ಮನುಷ್ಯನಿಗೆ, ಆ ಕತ್ತಲಲ್ಲಿ, ನಿಮ್ಮ ಅಮ್ಮ ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂದು ಗೊತ್ತಿತ್ತು. ಮಾತು ಬಿಟ್ಟಿದ್ದರು, ನಿಮ್ಮ ಮನೆಯನ್ನು ಗಮನಿಸುವುದನ್ನು ಬಿಟ್ಟಿರಲಿಲ್ಲ.

ಇದು ಸಣ್ಣ ವಿಷಯವಲ್ಲ. 1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆ ಸುತ್ತಮುತ್ತ ಭೂಕಂಪವಾಯಿತು. 6,434 ಜನ ಸತ್ತರು. ಕುಸಿದ ಮನೆಗಳ ಅಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದದ್ದು ಅಗ್ನಿಶಾಮಕ ದಳವೂ ಅಲ್ಲ, ಸೈನ್ಯವೂ ಅಲ್ಲ. ಮನೆಯವರು ಮತ್ತು ಅಕ್ಕಪಕ್ಕದವರು. ಭೂಕಂಪದ ಕೇಂದ್ರಕ್ಕೆ ಹತ್ತಿರದ ಅವಾಜಿ ದ್ವೀಪದಲ್ಲಿ ಹೊಕುದಾನ್ ಅನ್ನುವ ಪುಟ್ಟ ಊರಿದೆ. ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಸುಮಾರು 300 ಜನರನ್ನು ಊರಿನವರೇ ಅದೇ ದಿನ ಹೊರತೆಗೆದು ಮುಗಿಸಿದರು. ಹೇಗೆ? ಯಾರ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಎಂದು ಅವರಿಗೆ ಗೊತ್ತಿತ್ತು. ಎಲ್ಲೆಲ್ಲೋ ಅಗೆಯಲಿಲ್ಲ, ಅಜ್ಜಿ ಮಲಗುವ ಜಾಗದಲ್ಲೇ ಅಗೆದರು.

ಇನ್ನು ಆ ಇಪ್ಪತ್ತಾರು ದಿನದ ಒಗ್ಗಟ್ಟು ಯಾಕೆ ಕರಗಿಹೋಯಿತು ಅನ್ನುವ ಪ್ರಶ್ನೆ. ಜನ ಕೆಟ್ಟವರಾದರು ಅಂತ ನನಗೆ ಅನ್ನಿಸುವುದಿಲ್ಲ. ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ಒಂದು ಶಿಬಿರಕ್ಕೆ ಮೊದಲ ರಾತ್ರಿ ಮೂವತ್ತಾರು ಕಂಬಳಿ ಬಂದವು. ಜನ ತೊಂಬತ್ತರ ಮೇಲಿದ್ದರು. ಹೇಗೆ ಹಂಚುವುದಪ್ಪಾ ಎಂದು ನಾನು ತಲೆ ಕೆಡಿಸಿಕೊಂಡು ನಿಂತಿದ್ದೆ. ನಾನು ಹೇಳುವ ಮೊದಲೇ ಕಂಬಳಿಗಳು ಮುದುಕರ ಮೇಲೆ, ಕೂಸುಗಳ ಮೇಲೆ ಹೋಗಿ ಬಿದ್ದಿದ್ದವು. ಯಾರೂ ಲೆಕ್ಕ ಇಡಲಿಲ್ಲ. ಐದನೇ ದಿನ ಇನ್ನೊಂದು ಲಾರಿ ಬಂತು. ಈ ಸಲ ಎಲ್ಲರಿಗೂ ಸಾಕಾಗುವಷ್ಟು ಕಂಬಳಿ. ಜೊತೆಗೆ ಒಂದು ರಿಜಿಸ್ಟರ್, ಹೆಸರು, ಸಹಿ, ತಲೆಗೊಂದು. ಶಿಬಿರದ ಮೊದಲ ಜಗಳ ಆಗಿದ್ದು ಅವತ್ತು. ಒಂದರ ಬಣ್ಣ ಚೆನ್ನಾಗಿತ್ತಂತೆ, ಇನ್ನೊಂದು ತೆಳುವಂತೆ. ಕಂಬಳಿ ಸಾಲದಿದ್ದ ರಾತ್ರಿ ಇಲ್ಲದ ಜಗಳ, ಸಾಕಾದ ದಿನ ಬಂತು!

ಪಟ್ಟಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಟ್ಟಿ ಇಲ್ಲದಿದ್ದರೆ ತೋಳ್ಬಲ ಇದ್ದವನ ಮನೆಗೆ ಎಲ್ಲವೂ ಹೋಗುತ್ತದೆ, ಅದನ್ನೂ ನೋಡಿದ್ದೇನೆ. ಆದರೆ ನೀರು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತ್ತು. ಪಟ್ಟಿ ನಿಮ್ಮನ್ನು ಎರಡು ಕಾಲಮ್ ಮಾಡಿತು. ಅಲ್ಲಿಯವರೆಗೆ ‘ನಮ್ಮ ಗತಿ ಏನು’ ಎಂದು ಕೇಳುತ್ತಿದ್ದವರು ಅವತ್ತಿನಿಂದ ‘ಅವರಿಗೆಷ್ಟು’ ಎಂದು ಕೇಳತೊಡಗುತ್ತಾರೆ. ಆ ಪಟ್ಟಿ ಬರೆದದ್ದು ನಿಮ್ಮ ಪಕ್ಕದವರಲ್ಲ, ಅಲ್ವಾ? ಯಾರೋ ಒಬ್ಬ ಸುಸ್ತಾದ ಮನುಷ್ಯ, ಸಂಜೆಯೊಳಗೆ ಇಷ್ಟು ಮನೆ ಮುಗಿಸಬೇಕೆಂದು ಗೋಡೆ ನೋಡಿ ಟಿಕ್ ಹಾಕಿಕೊಂಡು ಹೋದ.

ಕೋಬೆಯಲ್ಲಿ ಆದದ್ದು ಇದಕ್ಕಿಂತ ಕಷ್ಟದ್ದು. ಮನೆ ಕಳೆದುಕೊಂಡವರಿಗೆ ತಾತ್ಕಾಲಿಕ ಮನೆಗಳನ್ನು ಲಾಟರಿ ಎತ್ತಿ ಕೊಟ್ಟರು. ವಯಸ್ಸಾದವರಿಗೆ, ಅಂಗವಿಕಲರಿಗೆ ಮೊದಲು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಒಂದು ಬೀದಿಯವರು ಹತ್ತು ದಿಕ್ಕಿಗೆ ಚದುರಿಹೋದರು. ಗುರುತಿಲ್ಲದವರ ನಡುವೆ ಬಿದ್ದ ಎಷ್ಟೋ ಮುದುಕರು ಒಬ್ಬೊಬ್ಬರೇ ಸತ್ತರು. ಸತ್ತದ್ದು ಕೂಡ ಪಕ್ಕದವರಿಗೆ ಗೊತ್ತಾಗಲಿಲ್ಲ. 2004ರಲ್ಲಿ ನೀಗಾತಾ ಕಡೆ ಭೂಕಂಪವಾದಾಗ ಜಪಾನಿನವರು ಆ ಪಾಠ ನೆನಪಿಟ್ಟಿದ್ದರು. ಯಾಮಾಕೋಶಿ ಎಂಬ ಹಳ್ಳಿಯವರನ್ನು ಚದುರಿಸದೆ, ಅಕ್ಕಪಕ್ಕದವರು ಅಕ್ಕಪಕ್ಕದಲ್ಲೇ ಇರುವ ಹಾಗೆ ನೋಡಿಕೊಂಡರು. ನಿಮ್ಮ ಪಕ್ಕದವರು ಇನ್ನೂ ಗೋಡೆಯ ಆಚೆಗೇ ಇದ್ದಾರೆ. ಅದೇ ಹಾಳು ಗೋಡೆ, ಇರಲಿ.

ಈಗ ಮಾಡಬೇಕಾದದ್ದು. ಪರಿಹಾರ ಕಡಿಮೆ ಬಂದಿದ್ದರೆ ಮೇಲ್ಮನವಿ ಹಾಕಲು ಇನ್ನೂ ಅವಕಾಶ ಇದೆಯೇ ಎಂದು ಕೇಳಿ. ಗೋಡೆಯ ಮೇಲಿನ ನೀರಿನ ಗುರುತು, ಬಿರುಕು, ಎಲ್ಲದರ ಫೋಟೊ ಕೊಡಿ. ಅರ್ಜಿಯಲ್ಲಿ ‘ನನ್ನ ಮನೆ ನೋಡಿ’ ಎಂದಷ್ಟೇ ಇರಲಿ. ‘ಅವರಿಗೆ ಕೊಟ್ಟಿದ್ದೀರಿ’ ಎಂಬ ಸಾಲು ಬೇಡ. ಆ ಒಂದು ಸಾಲು ಬರೆದರೆ ಮುಂದಿನ ಇಪ್ಪತ್ತು ವರ್ಷ ಮಾತಿರುವುದಿಲ್ಲ.

ಇನ್ನೊಂದು. ‘ನಾನು ಏನೋ ಅಂದೆ’ ಎಂದು ಬರೆದಿದ್ದೀರಿ. ಏನು ಅಂದಿರಿ ಎಂದು ನಿಮಗೆ ಅಕ್ಷರ ಅಕ್ಷರ ನೆನಪಿದೆ, ಅದಕ್ಕೇ ಬರೆದಿಲ್ಲ. ವಾಪಸು ತೆಗೆದುಕೊಳ್ಳಬೇಕಾದದ್ದು ಅದೊಂದೇ. ನಿಮಗೆ ಬಾಯಿ ಬಾರದಿದ್ದರೆ ಅಮ್ಮನನ್ನು ಕಳಿಸಿ. ಅಂದ ಹಾಗೆ, ಮೂರು ಪುಟದ ಪತ್ರದಲ್ಲಿ ಹೆಗಲ ಮೇಲೆ ಬಂದ ಅಮ್ಮ ಈಗ ಹೇಗಿದ್ದಾರೆ ಎಂದು ಒಂದು ಮಾತೂ ಇಲ್ಲ. ಅವರಿಗೂ ಪಕ್ಕದ ಮನೆಗೆ ಹೋಗಬೇಡ ಎಂದು ಹೇಳಿದ್ದೀರಾ?

ಪ್ರಶ್ನೆ: ಮೂರು ಚೀಲ ಹಳೇ ಬಟ್ಟೆ ಒಗೆದು, ಇಸ್ತ್ರಿ ಮಾಡಿಸಿ ಶಿಬಿರಕ್ಕೆ ಕೊಂಡೊಯ್ದೆ. ಅಲ್ಲಿದ್ದ ಹುಡುಗರು ‘ಬಟ್ಟೆ ಬೇಡ ಆಂಟಿ’ ಎಂದು ಬಾಗಿಲಲ್ಲೇ ವಾಪಸು ಕಳಿಸಿದರು. ಕೊಡುವ ಮನಸ್ಸಿಗೆ ಬೆಲೆಯೇ ಇಲ್ಲವೇ ಸಿಸ್ಟರ್?

ಉತ್ತರ: ಒಗೆದು, ಇಸ್ತ್ರಿ ಮಾಡಿಸಿ ಕೊಟ್ಟಿರಲ್ಲ, ಮೊದಲು ಅದಕ್ಕೆ ನಮಸ್ಕಾರ. ಹಾಗೆ ಕೊಡುವವರು ಕಡಿಮೆ. ನಾನು ಬಿಚ್ಚಿದ ಮೂಟೆಗಳಲ್ಲಿ ಒಂಟಿ ಚಪ್ಪಲಿ, ಹರಿದ ಒಳ ಅಂಗಿ, ಜರಿ ಕಪ್ಪಾದ ಮದುವೆ ಕೋಟು, ಎಲ್ಲ ಸಿಕ್ಕಿವೆ. ಒಂದು ಸಲ ಅಂಥ ಮೂಟೆಗಳು ಒಂದಿಡೀ ಕೋಣೆ ತುಂಬಿ, ಅಲ್ಲಿ ಮಲಗಬೇಕಿದ್ದ ಜನ ಜಗಲಿಯಲ್ಲಿ ಮಲಗಿದರು. ಅವನ್ನು ಬೇರ್ಪಡಿಸಲು ಆರು ಜನ ಬೇಕಾಯಿತು. ಆ ಆರು ಜನ ನೀರು ಹೊರಬೇಕಿತ್ತು. ಕೇಳದೆ ಬಂದು ಬೀಳುವ ಇಂಥ ಸಾಮಾನಿಗೆ ಪರಿಹಾರ ಕೆಲಸದವರು ಬೇರೆ ಬೇರೆ ದೇಶಗಳಲ್ಲಿ ‘ಎರಡನೇ ವಿಪತ್ತು’ ಎಂದೇ ಹೆಸರಿಟ್ಟಿದ್ದಾರೆ. ಹುಡುಗರು ಸ್ವಲ್ಪ ಮೆತ್ತಗೆ ಹೇಳಬಹುದಿತ್ತು, ಒಪ್ಪುತ್ತೇನೆ. ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದರೋ ಪಾಪ.

ಶಿಬಿರದಲ್ಲಿ ನಿಜವಾಗಿ ಸಿಗದೆ ಒದ್ದಾಡುವುದು ಬೇರೆ ವಸ್ತುಗಳಿಗೆ. ಕನ್ನಡಕ. ಹಲ್ಲಿನ ಸೆಟ್ಟು. ಹೊಸ ಒಳ ಉಡುಪು. ಪ್ಯಾಡ್. ಬಿಪಿ ಮಾತ್ರೆ. ‘ನಾನು ತಗೊಳ್ಳೋದು ಸಣ್ಣದು, ಬಿಳೀದು’ ಎಂದು ಹೇಳುವ ಅಜ್ಜಂದಿರು ಪ್ರತಿ ಶಿಬಿರದಲ್ಲೂ ಹತ್ತು ಜನ ಇರುತ್ತಾರೆ. ಸಣ್ಣದು, ಬಿಳಿಯದು ನೂರು ಥರ ಇವೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ದಿನಾ ಮಾತ್ರೆ ಇದ್ದರೆ ಚೀಟಿಯ ಫೋಟೊ ಇವತ್ತೇ ತೆಗೆದು ಇನ್ನೊಂದು ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಕೊಡುವ ಮೊದಲು ಒಂದು ಫೋನ್ ಮಾಡಿ ಏನು ಬೇಕು ಎಂದು ಕೇಳಿ. ಹಣ ಕೊಟ್ಟರೆ ಬೇಕಾದದ್ದನ್ನು ಅವರೇ ಕೊಳ್ಳುತ್ತಾರೆ. ಮೂರನೇ ತಿಂಗಳಲ್ಲಿ ಮತ್ತೆ ಒಂದು ಸಲ ಹೋಗಿ. ಆಗ ಅಲ್ಲಿಗೆ ಯಾರೂ ಬರುವುದಿಲ್ಲ.

ಪ್ರಶ್ನೆ: ನೀರು ಏರುತ್ತಿದ್ದರೂ ಅಪ್ಪ ಮನೆ ಬಿಟ್ಟು ಬರಲಿಲ್ಲ. ‘ಬಿಟ್ಟು ಹೋದ ಮನೆಗಳನ್ನು ಕಳ್ಳರು ದೋಚುತ್ತಿದ್ದಾರಂತೆ, ವಾಟ್ಸ್ಯಾಪ್‌ನಲ್ಲಿ ಬಂದಿದೆ’ ಎಂದರು. ಕಷ್ಟದಲ್ಲಿ ಜನ ಇಷ್ಟು ಕೀಳಾಗುತ್ತಾರಾ?

ಉತ್ತರ: ಅಲ್ಲೊಬ್ಬ ಇಲ್ಲೊಬ್ಬ ಆಗುತ್ತಾನೆ. ಆದರೆ ಸುದ್ದಿಯಲ್ಲಿ ಬರುವಷ್ಟು ಅಲ್ಲ. 2005ರ ಆಗಸ್ಟಿನಲ್ಲಿ ಕಟ್ರೀನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ, ಜನ ಆಶ್ರಯ ಪಡೆದಿದ್ದ ಕ್ರೀಡಾಂಗಣದಲ್ಲಿ ಕೊಲೆ, ಅತ್ಯಾಚಾರಗಳ ಸರಮಾಲೆಯೇ ನಡೆದಿದೆ ಎಂದು ಟಿವಿಯಲ್ಲಿ ಬಂತು. ಆಮೇಲೆ ನೋಡಿದರೆ ಬಹುಪಾಲು ಸುಳ್ಳು. ಅಷ್ಟರಲ್ಲಿ ನಗರದ ಮೇಯರ್, ಜನರನ್ನು ಹುಡುಕಿ ಕಾಪಾಡುತ್ತಿದ್ದ ಪೊಲೀಸರನ್ನು ಆ ಕೆಲಸ ಬಿಡಿಸಿ ಲೂಟಿ ತಡೆಯಲು ಕಳಿಸಿದ್ದರು. ನಿಮ್ಮ ಅಪ್ಪ ಮನೆ ಬಿಟ್ಟು ಬರಲಿಲ್ಲ, ಆ ಪೊಲೀಸರು ಜನರನ್ನು ಬಿಟ್ಟು ಹೋದರು. ಎರಡೂ ಒಂದೇ ಥರದ ವದಂತಿಯ ಫಲ. ಮುಂದಿನ ಸಲ ವಾದ ಮಾಡಬೇಡಿ. ದಾಖಲೆ, ಒಡವೆ ಒಂದು ಚೀಲಕ್ಕೆ ಹಾಕಿ ಅಪ್ಪನ ಕೈಗೇ ಕೊಡಿ. ಬರುತ್ತಾರೆ.

ಪ್ರಶ್ನೆ: ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಭೂಕಂಪದ ನಂತರ ನಾವು ಬಯಲಿನಲ್ಲಿ ಒಂಬತ್ತು ರಾತ್ರಿ ಕಳೆದೆವು. ಜನ ಸತ್ತಿದ್ದರು. ನಾನು ಹಗಲೆಲ್ಲ ನೀರು ಹಂಚುತ್ತಿದ್ದೆ, ರಾತ್ರಿ ಗುರುತಿಲ್ಲದವರ ಮಕ್ಕಳನ್ನು ಮಲಗಿಸುತ್ತಿದ್ದೆ. ಅಷ್ಟು ಹಗುರವಾಗಿ, ಅಷ್ಟು ಖುಷಿಯಾಗಿ ನಾನು ಯಾವತ್ತೂ ಇರಲಿಲ್ಲ. ಈಗ ಆ ದಿನಗಳನ್ನು ನೆನೆದು ಹಂಬಲಿಸುತ್ತೇನೆ. ಇದೇನು ಕಾಯಿಲೆಯಾ? ನನ್ನ ಖುಷಿಗೆ ಮಾಡಿದ್ದನ್ನು ನಿಸ್ವಾರ್ಥ ಎಂದು ಹೇಗೆ ಕರೆಯುವುದು?

ಉತ್ತರ: ಕಾಯಿಲೆಯಲ್ಲ. ನಿಮ್ಮ ಮೊದಲು ಇದನ್ನು ಬರೆದಿಟ್ಟವರಿದ್ದಾರೆ.

1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ನಡುಗಿತು, ಆಮೇಲೆ ಹೊತ್ತಿ ಉರಿಯಿತು. ನಾಲ್ಕು ಲಕ್ಷ ಜನರ ನಗರದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬೀದಿಗೆ ಬಂದರು. ಮನಃಶಾಸ್ತ್ರದ ದೊಡ್ಡ ಹೆಸರು ವಿಲಿಯಂ ಜೇಮ್ಸ್ ಆಗ ಅಲ್ಲೇ ಹತ್ತಿರದ ಸ್ಟ್ಯಾನ್‌ಫರ್ಡ್‌ನಲ್ಲಿದ್ದರು. ಮಂಚ ಅಲುಗಾಡಿದಾಗ ತನಗಾದದ್ದು ಭಯವಲ್ಲ, ಒಂಥರಾ ಉಲ್ಲಾಸ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದರು. ಅವತ್ತೇ ನಗರಕ್ಕೆ ಹೋದರು. ಅಲ್ಲಿ ಅವರಿಗೆ ಕಂಡದ್ದು ಗೋಳಾಟವಲ್ಲ. ಜನ ಎಷ್ಟು ಬೇಗ ತಾವಾಗಿಯೇ ಕೆಲಸ ಹಂಚಿಕೊಂಡರು, ಎಷ್ಟು ಸಮಾಧಾನವಾಗಿದ್ದರು ಎಂಬುದು.

ಅಮೆರಿಕದ ಚಾರ್ಲ್ಸ್ ಫ್ರಿಟ್ಜ್ ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸೈನ್ಯದ ಕೆಲಸದಲ್ಲಿದ್ದವರು. ವರ್ಷಗಟ್ಟಲೆ ಬಾಂಬು ಬಿದ್ದ ಜನ ಕುಗ್ಗಿಹೋಗಿರುತ್ತಾರೆ ಎಂದುಕೊಂಡು ಹೋದರೆ, ಅವರು ನಗುನಗುತ್ತಾ ಇದ್ದರಂತೆ. ಆಮೇಲೆ ಫ್ರಿಟ್ಜ್ ವಿಪತ್ತುಗಳನ್ನೇ ಅಭ್ಯಾಸ ಮಾಡಿದರು. 1961ರಲ್ಲಿ ಬರೆದ ಪ್ರಬಂಧದಲ್ಲಿ ಹೇಳುವುದು ಇಷ್ಟು: ಮಾಮೂಲಿ ದಿನಗಳಲ್ಲೂ ಜನಕ್ಕೆ ಸಾವಿದೆ, ನೋವಿದೆ, ಆದರೆ ಒಬ್ಬೊಬ್ಬರೇ ಅನುಭವಿಸುತ್ತಾರೆ. ವಿಪತ್ತು ಬಂದಾಗ ನೋವು ಬೀದಿಗೆ ಬರುತ್ತದೆ, ಎಲ್ಲರದ್ದೂ ಆಗುತ್ತದೆ. ಮುಚ್ಚಿಡಬೇಕಾಗಿಲ್ಲ. ನೀವು ಹಂಬಲಿಸುತ್ತಿರುವುದು ಭೂಕಂಪಕ್ಕಲ್ಲ ತಾಯಿ, ಆ ಮುಚ್ಚಿಡದ ದಿನಗಳಿಗೆ.

ನನಗೂ ಅದು ಆಗಿದೆ. ಗಂಡ ತೀರಿಕೊಂಡು ನಾಲ್ಕು ತಿಂಗಳು ನಿದ್ದೆ ಇರಲಿಲ್ಲ ನನಗೆ. ಆ ಸಮಯದಲ್ಲೇ ಶಿಬಿರದ ಡ್ಯೂಟಿ ಬಂತು. ಎರಡು ಬೆಂಚು ಜೋಡಿಸಿ ಮಲಗಿದವಳು, ಪಕ್ಕದಲ್ಲಿ ಅರವತ್ತು ಜನ ಕೆಮ್ಮುತ್ತಿದ್ದರೂ ಬೆಳಗಿನವರೆಗೆ ಎದ್ದಿಲ್ಲ.

ಈಗ ನಿಸ್ವಾರ್ಥದ ಲೆಕ್ಕ. 2018ರ ಆಗಸ್ಟಿನಲ್ಲಿ ಕೇರಳ ಮುಳುಗಿದಾಗ ಕರಾವಳಿಯ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೆ ಏರಿಸಿಕೊಂಡು ಒಳನಾಡಿಗೆ ಬಂದರು. ಸುಮಾರು 65,000 ಜನರನ್ನು ಕಾಪಾಡಿದರು ಎಂದು ಅಲ್ಲಿನ ಸರ್ಕಾರವೇ ಹೇಳಿತು. ಒಬ್ಬರು ನೀರಿನಲ್ಲಿ ಮಂಡಿಯೂರಿ ಬೆನ್ನು ಬಾಗಿಸಿದರು, ಹೆಂಗಸರು ಆ ಬೆನ್ನಿನ ಮೇಲೆ ಕಾಲಿಟ್ಟು ದೋಣಿ ಹತ್ತಿದರು. ನೀವೂ ಆ ವಿಡಿಯೊ ನೋಡಿರಬಹುದು. ದೋಣಿಗೆ ದಿನಕ್ಕೆ 3,000 ರೂಪಾಯಿ ಕೊಡುತ್ತೇವೆ ಎಂದು ಸರ್ಕಾರ ಹೇಳಿದಾಗ, ನಮ್ಮವರನ್ನು ಕಾಪಾಡಿದ್ದಕ್ಕೆ ದುಡ್ಡು ಬೇಡ ಎಂದವರಿದ್ದಾರೆ. ಅವರಿಗೆ ಖುಷಿಯಾಗಿರಲಿಲ್ಲವೇ? ಆಗಿರುತ್ತದೆ. ಆಗಲಿ! ಖುಷಿ ಕೂಲಿಯಲ್ಲ. ನೀವು ಖುಷಿಯಾಗುತ್ತದೆ ಎಂದು ಲೆಕ್ಕ ಹಾಕಿ ನೀರಿನ ಕೊಡ ಎತ್ತಿದಿರಾ? ಬಾಯಾರಿದವರು ಎದುರಿಗಿದ್ದರು, ಎತ್ತಿದಿರಿ. ಇದರಲ್ಲಿ ಸ್ವಾರ್ಥ ಹುಡುಕಿ ತೆಗೆಯುವ ಕೆಲಸ ನನಗಂತೂ ಸುಮ್ನೆ ತಲೆನೋವು.

ಎರಡು ವಿಷಯ ಮಾತ್ರ ಗಮನಿಸಿ. ಮಗುವನ್ನೋ ಗಂಡನನ್ನೋ ಕಳೆದುಕೊಂಡವರಿಗೆ ಆ ದಿನಗಳು ಹಗುರವಾಗಿರಲಿಲ್ಲ. ಅವರ ಎದುರು ಈ ಮಾತು ಆಡಬೇಡಿ.

ಎರಡನೆಯದು ನನ್ನ ತಪ್ಪಿನ ಕಥೆ. ಒಂದು ಶಿಬಿರದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಮ್ಮ ಇದ್ದರು. ಬಂದ ದಿನವೇ ಪೊರಕೆ ಹಿಡಿದು ನಿಂತರು. ನಾನು ಪೊರಕೆ ಕಿತ್ತುಕೊಂಡು, ‘ನೀವು ಕೂತ್ಕೊಳ್ಳಿ ಅಮ್ಮ, ಎಲ್ಲ ನಾವು ಮಾಡ್ತೀವಿ’ ಎಂದೆ. ದೊಡ್ಡ ಉಪಕಾರ ಮಾಡಿದವಳ ಹಾಗೆ. ಮೂರು ದಿನದಲ್ಲಿ ಅವರು ಊಟ ಬಿಟ್ಟರು, ಗೋಡೆ ಕಡೆ ತಿರುಗಿ ಮಲಗಿದರು. ಬಿಪಿ ನೋಡಿದೆ, ಜ್ವರ ನೋಡಿದೆ, ಏನೂ ಇಲ್ಲ. ನಾಲ್ಕನೇ ದಿನ ನನ್ನ ಜೊತೆಗಿದ್ದ ಆಯಾ ಏನೂ ಯೋಚಿಸದೆ ಅವರ ಮಡಿಲಿಗೆ ಒಂದು ಕೂಸು ಹಾಕಿ, ‘ಅಜ್ಜಿ, ಸ್ವಲ್ಪ ಹಿಡ್ಕೊಳ್ಳಿ, ನಂಗೆ ಕೆಲ್ಸ ಇದೆ’ ಎಂದು ಹೋದಳು. ಸಂಜೆ ಹೊತ್ತಿಗೆ ಅಜ್ಜಿಯ ಸುತ್ತ ನಾಲ್ಕು ಮಕ್ಕಳಿದ್ದವು, ಮತ್ತು ಅವರು ನನ್ನನ್ನು ಗದರುತ್ತಿದ್ದರು. ಕೊಡುವ ಖುಷಿಯನ್ನೆಲ್ಲ ನಾನೇ ಇಟ್ಟುಕೊಂಡು ಅವರಿಗೆ ತೆಗೆದುಕೊಳ್ಳುವ ಸಂಕೋಚ ಮಾತ್ರ ಬಿಟ್ಟಿದ್ದೆ. ಮಾತ್ರೆಯ ಪೆಟ್ಟಿಗೆ ಹಿಡಿದು ಓಡಾಡುವ ನನಗೆ ಅದು ಗೊತ್ತಾಗಲಿಲ್ಲ, ಆಯಾಗೆ ಗೊತ್ತಾಯಿತು.

ಹಂಬಲ ಹೋಗಲು ಇನ್ನೊಂದು ಭೂಕಂಪ ಬೇಕಾಗಿಲ್ಲ. ಆ ಮಕ್ಕಳಲ್ಲಿ ಯಾರ ಹೆಸರಾದರೂ ನೆನಪಿದೆಯಾ? ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ಪ್ರಶ್ನೆ: ವಯಸ್ಸು 20. ಎಲ್ಲೇ ವಿಪತ್ತು ಆದರೂ ಓಡಿಹೋಗಿ ಸಹಾಯ ಮಾಡಬೇಕು ಅನ್ನಿಸುತ್ತದೆ. ಮನೆಯಲ್ಲಿ ಬಿಡುವುದಿಲ್ಲ. ಒಂದು ಮಾತು ಹೇಳಿ ಒಪ್ಪಿಸಿ ಸಿಸ್ಟರ್.

ಉತ್ತರ: ಒಪ್ಪಿಸುವ ಮೊದಲು ನನ್ನ ಪ್ರಶ್ನೆಗಳಿಗೆ ಉತ್ತರ ಕೊಡು ಮಗು. ಪ್ರಥಮ ಚಿಕಿತ್ಸೆ ಕಲಿತಿದ್ದೀಯಾ? ನಿನ್ನ ನೀರು, ನಿನ್ನ ಊಟ, ನಿನ್ನ ಹಾಸಿಗೆ ನೀನೇ ಹೊತ್ತೊಯ್ಯುತ್ತೀಯಾ, ಇಲ್ಲ ಅಲ್ಲಿ ಹೋಗಿ ಸಂತ್ರಸ್ತರ ಸಾಲಿನಲ್ಲಿ ನಿಲ್ಲುತ್ತೀಯಾ? ಯಾವ ತಂಡದ ಜೊತೆ ಹೋಗುತ್ತೀಯ, ಯಾರ ಮಾತು ಕೇಳುತ್ತೀಯ? ಮೆಕ್ಸಿಕೊ ನಗರದಲ್ಲಿ 1985ರ ಭೂಕಂಪದ ನಂತರ ನಿನ್ನಂಥ ಹುಡುಗರೇ ಕೈಯಲ್ಲಿ ಕಲ್ಲು ತೆಗೆದು ಜನರನ್ನು ಹೊರಗೆಳೆದರು. ಅವರಲ್ಲಿ ಕೆಲವರು ಆಮೇಲೆ ಸೇರಿ ತಂಡ ಕಟ್ಟಿಕೊಂಡು, ತರಬೇತಿ ಪಡೆದು, ನೆಲದಡಿ ಬಿಲ ಕೊರೆಯುವ ‘ಮೋಲ್’ ಎಂಬ ಪುಟ್ಟ ಪ್ರಾಣಿಯ ಹೆಸರಿಟ್ಟುಕೊಂಡರು. ಬೇರೆ ದೇಶಗಳಿಗೂ ಹೋಗಿ ಅಗೆದರು. 2017ರಲ್ಲಿ ಅದೇ ನಗರ, ಅದೇ ಸೆಪ್ಟೆಂಬರ್ 19, ಮತ್ತೆ ನಡುಗಿತು. ಅಗೆಯುವಾಗ ಒಬ್ಬರು ಮುಷ್ಟಿ ಎತ್ತಿದರೆ ಸಾಕು, ಸಾವಿರ ಜನರ ಬೀದಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು, ಅಡಿಯಿಂದ ಸದ್ದು ಬರುತ್ತಿದೆಯೇ ಎಂದು ಕೇಳಲು. ಸುಮ್ಮನೆ ನಿಲ್ಲುವುದೂ ಅಲ್ಲಿ ಒಂದು ಕೆಲಸ. ಅದು ನಿನ್ನ ಕೈಲಿ ಆಗುತ್ತಾ?

ನೆರೆಯ ನೀರಿನಲ್ಲಿ ಇಳಿಯುವುದಾದರೆ ಕಾಲಿಗೆ ಬೂಟು ಇರಲಿ. ಗಾಯವಿದ್ದರೆ ಇಳಿಯಲೇಬೇಡ, ಇಲಿ ಜ್ವರ ಬರುವುದು ಹಾಗೆಯೇ. ಅಂದ ಹಾಗೆ ಟಿಟಿ ಇಂಜೆಕ್ಷನ್ ಕೊನೆಗೆ ಯಾವಾಗ ಹಾಕಿಸಿಕೊಂಡೆ? ನೆನಪಿಲ್ಲ ತಾನೇ? ನಾಳೆ ಬೆಳಗ್ಗೆ ಹೋಗಿ ಹಾಕಿಸಿಕೊಂಡು ಬಾ. ಆಮೇಲೆ ನಿಮ್ಮ ಅಮ್ಮನ ಫೋನ್ ನಂಬರ್ ಕೊಡು, ನಾನು ಮಾತಾಡುತ್ತೇನೆ.